ಗಾಜು ಒರೆಸುವ ವಿಚಾರ

ಮುಖದ ಮೇಲೆ ಸುಕ್ಕು ಮೂಡಿದರೆ ವಯಸ್ಸಾಯಿತೆಂದು ಸಮಾಧಾನ ತಂದುಕೊಳ್ಳುವವರೂ ಕಾರಿನ ಬಾಗಿಲ ಮೇಲೆ ಒಂದು ಗೀರು ಕಂಡರೆ ಎರಡು ದಿನ ಸರಿಯಾಗಿ ಊಟ ಮಾಡುವುದಿಲ್ಲ. ಇಂಥ ಕೆಲವರು ನನ್ನ ಮಿತ್ರರಾಗಿರುವುದರಿಂದ ಕಾರಿನ ಮೈಯ ಆರೈಕೆ ಎಂಬ ಶಾಸ್ತ್ರದ ಪರಿಚಯ ನನಗೂ ತಕ್ಕಮಟ್ಟಿಗೆ ಆಗಿದೆ. ಶಾಸ್ತ್ರವೆಂದು ಹಾಸ್ಯಕ್ಕೆ ಹೇಳುತ್ತಿಲ್ಲ. ಅದಕ್ಕೆ ಪರಿಭಾಷೆಯಿದೆ, ಆಚಾರ್ಯರಿದ್ದಾರೆ, ಮತಭೇದಗಳಿವೆ. ಮೇಣ ಬಳಿಯುವ ಮತದವರಿಗೂ ಸೆರಾಮಿಕ್ ಲೇಪನದ ಮತದವರಿಗೂ ನಡೆಯುವ ವಾದವನ್ನು ಕೇಳಿದರೆ ದ್ವೈತಾದ್ವೈತಗಳ ಜಗಳ ಎಷ್ಟೋ ಸೌಮ್ಯವೆನಿಸುತ್ತದೆ.

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವಾಹನಗಳ ಸಾಮಾನು ಮಾರುವ ಅಂಗಡಿಗಳ ಸಾಲೇ ಇದೆ. ಒಮ್ಮೆ ಮಿತ್ರರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಮೈ ತೊಳೆಯಲು ಶಾಂಪೂ, ಅಂಟಿಕೊಂಡ ಕೊಳೆಯನ್ನು ಎತ್ತಲು ಜೇಡಿಮಣ್ಣಿನಂಥ ಒಂದು ಮುದ್ದೆ, ಗೀರು ಮಾಯಿಸಲು ಪಾಲಿಶ್, ಅದರ ಮೇಲೆ ಮೇಣ, ಒರೆಸಲು ಮೈಕ್ರೋಫೈಬರ್ ಬಟ್ಟೆ. ಮದುವೆಯ ಹೆಣ್ಣಿಗೂ ಇಷ್ಟು ಉಪಚಾರ ನಡೆಯಲಾರದು. ಆ ಮೇಣದ ವಿಷಯ ಮಾತ್ರ ನನಗೆ ಬಹಳ ಹಿಡಿಸಿತು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಕಾರ್ನೂಬಾ ಎಂಬ ತಾಳೆಯ ಜಾತಿಯ ಮರವಿದೆ. ಬಿರುಬೇಸಗೆಯಲ್ಲಿ ತನ್ನ ತೇವ ಆರಿಹೋಗದಂತೆ ಅದು ಎಲೆಗಳ ಮೇಲೆ ಮೇಣವನ್ನು ಸ್ರವಿಸಿಕೊಳ್ಳುತ್ತದೆ. ಎಲೆ ಒಣಗಿಸಿ, ಬಡಿದು, ಅದನ್ನು ಉದುರಿಸುತ್ತಾರೆ. ಮಕ್ಕಳ ಮಿಠಾಯಿಗೂ ಔಷಧದ ಗುಳಿಗೆಗೂ ಹೊಳಪು ಕೊಡುವುದು ಇದೇ ಮೇಣ. ಮರ ಬದುಕುವುದಕ್ಕೆ ಮಾಡಿಕೊಂಡ ಉಪಾಯ ನಮ್ಮ ಕಾರಿನ ಅಲಂಕಾರವಾಯಿತು.

ಮೇಣವೇನೋ ಮೇಲೆ ಕೂಡುವ ವಸ್ತು. ಪಾಲಿಶ್ ಹಾಗಲ್ಲ, ಅದು ಕಳೆಯುವ ವಸ್ತು. ನಮ್ಮ ಅಜ್ಜಿ ಹಿತ್ತಾಳೆಯ ಚೊಂಬನ್ನು ಹುಣಸೆಹಣ್ಣು ಹಾಕಿ ಫಳಫಳನೆ ಬೆಳಗುತ್ತಿದ್ದಳು. ಚೊಂಬಿನ ಮೈ ದಪ್ಪ, ತಲೆಮಾರುಗಳ ಉಜ್ಜಾಟವನ್ನು ಅದು ತಡೆದುಕೊಂಡಿತು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರದ ದಪ್ಪವೋ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ 40-50 ಪಾಲು ಮಾತ್ರ. ನಮ್ಮ ತಲೆಗೂದಲು ಇದಕ್ಕಿಂತ ದಪ್ಪ. ಗೀರು ಮಾಯಿಸುವುದೆಂದರೆ ಸುತ್ತಲಿನ ಪದರವನ್ನು ಗೀರಿನ ಮಟ್ಟಕ್ಕೆ ತೆಳುಮಾಡುವುದು. ಹೀಗೆ ಎಷ್ಟು ಸಲ ಮಾಡಬಹುದೆಂಬುದಕ್ಕೆ ಮಿತಿಯಿದೆ.

ಗೀರು ಬೀಳುವ ಬಗೆಯೂ ಸ್ವಾರಸ್ಯವಾದದ್ದೇ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಗಾಜಿಗಿಂತಲೂ ಗಟ್ಟಿ, ಬಣ್ಣದ ಪಾಡಂತೂ ಹೇಳಬೇಕಾಗಿಲ್ಲ. ಧೂಳಿನ ಮೇಲೆ ಒಣಬಟ್ಟೆ ಆಡಿಸಿದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಬಿಸಿಲಿನಲ್ಲಿ ಕಪ್ಪು ಕಾರಿನ ಮೇಲೆ, ಚಂದ್ರನ ಸುತ್ತ ಪರಿವೇಷ ಕಟ್ಟಿದ ಹಾಗೆ, ಸೂರ್ಯಬಿಂಬದ ಸುತ್ತ ಬಳೆಬಳೆಯಾಗಿ ಗೆರೆಗಳು ಕಾಣುತ್ತವಲ್ಲ, ಅವು ಇವೇ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಮಿನುಗುವುದರಿಂದ ಬಳೆಯಂತೆ ತೋರುತ್ತವೆ.

ನಮ್ಮ ಬೀದಿಯಲ್ಲಿ ಬೆಳಗ್ಗೆ ಏಳು ಗಂಟೆಯೊಳಗೆ ಹತ್ತು ಕಾರು ಒರೆಸುವ ಯುವಕನೊಬ್ಬನಿದ್ದಾನೆ. ನನ್ನ ಹೊಸ ಪಾಂಡಿತ್ಯವನ್ನು ಅವನ ಮೇಲೆ ಪ್ರಯೋಗಿಸಿದೆ.

"ಯಾಕಪ್ಪ, ಧೂಳಿನ ಮೇಲೇ ಬಟ್ಟೆ ಆಡಿಸ್ತೀಯಲ್ಲ, ಗೀರು ಬೀಳೋದಿಲ್ವೆ?"

"ಬೀಳುತ್ತೆ ಸಾರ್. ನೀರು ಕೊಟ್ರೆ ತೊಳೀತೀನಿ. ಒಂದು ಬಕೆಟ್‌ನಲ್ಲಿ ನಾಲ್ಕು ಗಾಡಿ ಮುಗಿಸು ಅಂತಾರೆ."

ನಾನು ಸುಮ್ಮನಾದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯಬಾರದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆಗಲೂ ಕಾರು ಮಾತ್ರ ಹೊಳೆಯುತ್ತಿರಬೇಕೆಂದು ಬಯಸಿದವರು ಕಡಿಮೆಯೇನಿರಲಿಲ್ಲ. ಯುವಕ ಬಟ್ಟೆ ಹಿಂಡುತ್ತ ಇನ್ನೊಂದು ಮಾತು ಸೇರಿಸಿದ: "ಬಣ್ಣದ ಮೇಲೆ ಗೀರು ಬಿದ್ರೆ ಬೈತಾರೆ ಸಾರ್. ಗಾಜು ಹೆಂಗಿದ್ರೂ ಯಾರೂ ಕೇಳಲ್ಲ."

ಈ ಮಾತಿನ ಬೆಲೆ ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ. ಮೈಸೂರಿನಿಂದ ಮಿತ್ರರೊಬ್ಬರ ಕಾರಿನಲ್ಲಿ ಬರುತ್ತಿದ್ದೆವು. ಕಾರಿನ ಮೈಗೆ ಸಾಕಷ್ಟು ಹಣ ತೆತ್ತು ಸೆರಾಮಿಕ್ ಲೇಪನ ಮಾಡಿಸಿದ್ದರು. ಮದ್ದೂರು ದಾಟುವ ಹೊತ್ತಿಗೆ ಕತ್ತಲೆ, ಸಣ್ಣಗೆ ಮಳೆ. ಎದುರಿನಿಂದ ಲಾರಿಯ ದೀಪ ಬಿದ್ದೊಡನೆ ಮುಂದಿನ ಗಾಜೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ವೈಪರ್ ಒಮ್ಮೆ ಬಳಿದು ಹೋದರೆ ಆ ಬಿಳುಪು ಅಗಲವಾಯಿತೇ ಹೊರತು ಹೋಗಲಿಲ್ಲ. ಲಾರಿ ದಾಟಿತು, ಅಲ್ಲಿ, ಹತ್ತು ಮಾರು ದೂರದಲ್ಲಿ, ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೇರಿ ತಳ್ಳಿಕೊಂಡು ಹೋಗುವ ಮುದುಕನೊಬ್ಬನಿದ್ದ. ಮಿತ್ರರು ಒತ್ತಿದ ಬ್ರೇಕಿಗೆ ನಾನು ಮುಂದಕ್ಕೆ ಮುಗ್ಗರಿಸಿದೆ. ಕಾರು ನಿಂತಿತು. ಮುದುಕ ತಿರುಗಿ ನೋಡಿ, ಏನೂ ಅನ್ನದೆ, ಸೈಕಲ್ಲನ್ನು ಇನ್ನಷ್ಟು ಪಕ್ಕಕ್ಕೆ ಎಳೆದುಕೊಂಡ. ಲೇಪನ ಪಡೆದ ಬಾನೆಟ್ಟಿನ ಮೇಲೆ ಮಳೆಹನಿಗಳು, ತಾವರೆಯೆಲೆಯ ಮೇಲಿನಂತೆ, ಮುತ್ತಾಗಿ ಉರುಳುತ್ತಿದ್ದವು. ಅವನಿಗೆ ನಾವು ಚೆನ್ನಾಗಿ ಕಾಣುತ್ತಿದ್ದೆವು. ನಮಗೆ ಅವನು ಕಂಡಿರಲಿಲ್ಲ.

ಮನೆ ತಲುಪಿದ ಮೇಲೆ ಗಾಜನ್ನು ಪರೀಕ್ಷೆ ಮಾಡಿದೆವು. ಹೊರಗೆ ರಸ್ತೆಯ ಎಣ್ಣೆಯ ಜಿಡ್ಡು, ಅದು ಸರಿ. ಒಳಗೂ ಬೆರಳಾಡಿಸಿದರೆ ಗೆರೆ ಮೂಡುವಂಥ ಮಂಜಿನ ಪೊರೆ! ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಪ್ಲಾಸ್ಟಿಕ್ ಸಾಮಾನು ಸೂಕ್ಷ್ಮವಾಗಿ ಆವಿ ಬಿಡುತ್ತದೆ, ಆ ಆವಿ ಗಾಜಿನ ಮೇಲೆ ಕೂಡುತ್ತದೆ. ಹಗಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ; ರಾತ್ರಿ ಎದುರುಬೆಳಕನ್ನು ಎಲ್ಲ ಕಡೆಗೂ ಚೆದರಿಸಿ, ಅದರಾಚೆಗಿರುವುದನ್ನು ಮರೆಮಾಡುತ್ತದೆ.

ಇದಕ್ಕೆ ಬೇಕಾದ ಚಿಕಿತ್ಸೆ ಬಹಳ ಅಗ್ಗವಾದದ್ದು. ಮೊದಲು ಧಾರಾಳವಾಗಿ ಒದ್ದೆ ಮಾಡಿ ಮರಳಿನ ಕಣ ಹೋಗಿಸಬೇಕು, ಆಮೇಲೆ ಉಜ್ಜಬೇಕು. ಒಂದು ಶುಭ್ರವಾದ ಬಟ್ಟೆಯಿಂದ ತೊಡೆದು, ಇನ್ನೊಂದು ಒಣಬಟ್ಟೆಯಿಂದ ಆರಿಸಬೇಕು. ಒಳಗೆ ಅಡ್ಡಕ್ಕೂ ಹೊರಗೆ ಉದ್ದಕ್ಕೂ ಒರೆಸಿದರೆ ಉಳಿದ ಗೆರೆ ಯಾವ ಮಗ್ಗುಲಿನದೆಂದು ತಿಳಿಯುತ್ತದೆ. ವೈಪರಿನ ರಬ್ಬರಿನ ಅಂಚನ್ನೂ ಒರೆಸಬೇಕು. ಅದರ ಜಿಡ್ಡೇ ಮತ್ತೆ ಗಾಜಿಗೆ ಬರುತ್ತದೆ. ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಸುಣ್ಣದ ಬಿಳಿಚುಕ್ಕೆಗಳಿಗೆ ನೀರು ಬೆರೆಸಿದ ವಿನೆಗರ್ ಸಾಕು. ಹೊರಗಿನ ಗಾಜಿಗೆ ಮಳೆನೀರು ಜಾರುವ ದ್ರವವನ್ನೇನೂ ಹಾಕಿರದಿದ್ದರೆ ಪರೀಕ್ಷೆಯೂ ಸುಲಭ: ನೀರು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿದರೆ ಜಿಡ್ಡು ಹೋಯಿತೆಂದು ತಿಳಿಯಬಹುದು. ವೈಪರ್ ಕೊರೆದ ನವುರಾದ ಗೀರುಗಳಿಗೆ ಸೀರಿಯಂ ಆಕ್ಸೈಡ್ ಎಂಬ ಪುಡಿಯಿದೆ. ಆಳವಾದ ಗೀರನ್ನು ತಿಕ್ಕಹೊರಟರೆ ಮಾತ್ರ ಗಾಜು ಅಲ್ಲಿ ತಗ್ಗಾಗಿ ನೋಟ ಸೊಟ್ಟಗಾಗುತ್ತದೆ. ಆಗ ಗಾಜನ್ನೇ ಬದಲಾಯಿಸುವುದು ವಿವೇಕ.

ಗಾಜಿನ ಚರಿತ್ರೆಯಲ್ಲಿ ನನಗೆ ಗೌರವ ತರಿಸುವ ಒಂದು ಹೆಸರು ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್. ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಕುಳಿತಿದ್ದಾಗ, ಹಿಮ ಮೆತ್ತಿದ ಗಾಜಿನಿಂದ ಚಾಲಕ ಪಡುತ್ತಿದ್ದ ಪಾಡನ್ನು ಆಕೆ ಕಂಡರು. ಒಳಗಿನಿಂದಲೇ ಹಿಡಿಕೆ ಎಳೆದು ಗಾಜು ಒರೆಸುವ ಸಾಧನವೊಂದನ್ನು ಕಲ್ಪಿಸಿ 1903ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ಒಂದು ಸಂಸ್ಥೆ ಹಿಂದಿರುಗಿಸಿತು. ಪೇಟೆಂಟಿನ ಅವಧಿ ಮುಗಿದುಹೋಯಿತು, ಆಕೆಗೆ ಒಂದು ಕಾಸೂ ದೊರೆಯಲಿಲ್ಲ. ಗಾಜಿನ ಶುಭ್ರತೆಗೆ ಆಗಲೂ ಬೆಲೆ ಕಟ್ಟುವವರು ಕಡಿಮೆ. ಅದು ಸಹಜವೇ. ಬಣ್ಣ ನಮ್ಮನ್ನು ಇತರರಿಗೆ ತೋರಿಸುತ್ತದೆ, ಗಾಜು ಇತರರನ್ನು ನಮಗೆ ತೋರಿಸುತ್ತದೆ. ಮೊದಲನೆಯದಕ್ಕೆ ಹಣ ಸುರಿಯುವುದು ಮನುಷ್ಯಸ್ವಭಾವ.

ಬಣ್ಣದ ಮೇಲೆ ಧೂಳು ನಾಲ್ಕು ದಿನ ಕುಳಿತರೆ ಯಾರಿಗೂ ನಷ್ಟವಿಲ್ಲ. ನೀರಿಲ್ಲದಾಗ ಮುಟ್ಟದೆ ಬಿಡುವುದೇ ಅದಕ್ಕೆ ಉಪಕಾರ. ಇರುವ ಒಂದು ಚೊಂಬು ನೀರು ಗಾಜಿಗಾಗಲಿ. ಬೇರೆ ಬಟ್ಟೆ ಇಲ್ಲದಿದ್ದರೆ ಒದ್ದೆಗಾಜಿಗೆ ಹಳೆಯ ಪತ್ರಿಕೆಯ ಹಾಳೆ ನಮ್ಮ ಹಿರಿಯರು ಕಂಡುಕೊಂಡ ಸಾಧನ. ನೂಲು ಬಿಡದೆ ನೀರು ಹೀರುತ್ತದೆ. ವಾಚಕರು ಈ ಪುರವಣಿಯನ್ನು ಓದಿ ಮುಗಿಸಿದ ಮೇಲೆ ಅದಕ್ಕೇ ಉಪಯೋಗಿಸಿದರೆ ನನಗೆ ಬೇಸರವಿಲ್ಲ.