ನಿಂತ ಕೆಲಸ

ಲಿಂಗಸುಗೂರಿನ ನಿವೃತ್ತ ಶಿಕ್ಷಕರೊಬ್ಬರಿಗೆ ದೃಷ್ಟಿ ಮಂದವಾದರೂ ಓದಿನ ಹಂಬಲ ಮಾತ್ರ ಕುಂದಿರಲಿಲ್ಲ. ತಾವು ಕೂಡಿಸಿಟ್ಟ ಹಳೆಯ ಪುಸ್ತಕಗಳನ್ನು ಯಂತ್ರವು ಗಟ್ಟಿಯಾಗಿ ಓದಿ ಹೇಳುವಂತಾಗಬೇಕೆಂಬುದು ಅವರ ಆಸೆ. ಅದನ್ನು ನೆರವೇರಿಸುವ ಹೊಣೆ ಹೊತ್ತವನು ಅವರ ಶಿಷ್ಯ. ಮಸ್ಕಿಯಲ್ಲಿ ಕೋಣೆ ಹಿಡಿದು ಗಣಕಯಂತ್ರದ ಕೆಲಸ ಮಾಡುವ ತರುಣ. ಪುಟಗಳ ಚಿತ್ರ ತೆಗೆದು, ಟೆಸರಾಕ್ಟ್ ಎಂಬ ತಂತ್ರಾಂಶದಿಂದ ಅವನ್ನು ಅಕ್ಷರಗಳಾಗಿ ಮಾರ್ಪಡಿಸಬೇಕಾಗಿತ್ತು. ತನ್ನ ಪುಟ್ಟ ಯಂತ್ರಕ್ಕೆ ಆ ಶಕ್ತಿ ಸಾಲದೆಂದು ದೂರದ ನಗರದ ದೊಡ್ಡ ಯಂತ್ರವೊಂದನ್ನು ಒಂದು ದಿನದ ಬಾಡಿಗೆಗೆ ಪಡೆದು, ಟರ್ಮಿನಲ್ ಮೂಲಕ ಮುಂಜಾನೆಯೇ ಕೆಲಸ ಹಚ್ಚಿದ್ದ.

ಮಧ್ಯಾಹ್ನ ಕರೆಂಟು ಹೋಯಿತು. ಅದರೊಡನೆ ಸಂಪರ್ಕವೂ ಹೋಯಿತು. ಪರದೆಯ ಮೇಲೆ ಸಾಲುಸಾಲಾಗಿ ಏರುತ್ತಿದ್ದ ವರದಿ ಅಲ್ಲಿಗೇ ಸ್ತಬ್ಧವಾಯಿತು.

ಮೊಬೈಲಿನ ನೆರವಿನಿಂದ ಮತ್ತೆ ಒಳಹೊಕ್ಕು ನೋಡಿದರೆ, ಕೆಲಸ ಸತ್ತಿರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರಿತ್ತು. ಆದರೆ ಅದು ಬಳಸಿದ ಕಾಲದ ಲೆಕ್ಕ ಒಂದು ಕ್ಷಣವೂ ಮುಂದೆ ಸರಿಯುತ್ತಿರಲಿಲ್ಲ. ಡಿಸ್ಕ್ ತುಂಬಿರಲಿಲ್ಲ, ಮೆಮೊರಿಗೂ ಕೊರತೆಯಿರಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಚ್ಚುವುದು ಅವಸರದವರ ಉಪಾಯ. ಸವೆದ ಅಕ್ಷರಗಳ ನಡುವೆ ಅಶೋಕನ ಹೆಸರನ್ನು ಉಳಿಸಿಕೊಂಡು 1915ರಲ್ಲಿ ಬೆಳಕಿಗೆ ಬಂದ ಬಂಡೆಯ ಊರಿನಲ್ಲಿ ಕುಳಿತು, ಉಳಿದದ್ದನ್ನು ಓದದೆ ಒರೆಸಿಹಾಕುವುದು ಅಷ್ಟು ಶೋಭಿಸದು!

ಆತನ ತಂದೆಯ ಭತ್ತದ ಗದ್ದೆ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರ ಕೊನೆಯಲ್ಲಿದೆ. ಕೊನೆಯ ಗದ್ದೆಯವರು ಕಾಲುವೆಯ ದಂಡೆಗುಂಟ ನಡೆದು ನೋಡುವುದರಲ್ಲಿ ನಿಪುಣರು. “ನೀರು ನಿಂತೈತಿ ಅಂದ್ರ ಎರಡ ಕಾರಣ ತಮ್ಮಾ. ಮ್ಯಾಲಿಂದ ಬಂದಿರಂಗಿಲ್ಲ, ಇಲ್ಲಾ ಕೆಳಗ ಹೋಗಾಕ ದಾರಿ ಇರಂಗಿಲ್ಲ” ಎಂದು ತಂದೆ ಹೇಳುತ್ತಿದ್ದುದು ಆತನಿಗೆ ನೆನಪಾಯಿತು. ಮೇಲಿನಿಂದ ಬರಬೇಕಾದ ಪುಟಗಳೆಲ್ಲ ಇದ್ದವು. ಹಾಗಾದರೆ ಕೆಳಗೆ?

ಸ್ಟ್ರೇಸ್ ಎಂಬ ಸಾಧನದಿಂದ ನೋಡಿದಾಗ ಗುಟ್ಟು ಬಯಲಾಯಿತು. ತಂತ್ರಾಂಶವು ತನ್ನ ವರದಿಯ ಮುಂದಿನ ಸಾಲನ್ನು ಟರ್ಮಿನಲ್ಲಿಗೆ ಬರೆಯಲು ಹೋಗಿ ಅಲ್ಲಿಯೇ ಕಾಯುತ್ತ ನಿಂತಿತ್ತು. ಈ ಬದಿಯಲ್ಲಿ ಓದಿಕೊಳ್ಳುವವರಿಲ್ಲ. ತಂತಿ ಕಡಿದ ಸುದ್ದಿ ಆ ಬದಿಗೆ ತಲುಪಿಲ್ಲ. ನಡುವಿನ ಸಂಗ್ರಹವೆಲ್ಲ ತುಂಬಿ, ತೂಬು ಮುಚ್ಚಿದ ಕಾಲುವೆಯಂತೆ ವರದಿ ಹಿಂದಕ್ಕೆ ಒತ್ತಿಕೊಂಡು ಬಂದಿತ್ತು. ಪುಟ ಓದುವ ಮುಖ್ಯ ಕೆಲಸಕ್ಕೆ ಯಾವ ತೊಡಕೂ ಇರಲಿಲ್ಲ. ಅದರ ಬಾಯಿಮಾತಿಗೆ ಕೇಳುಗರಿಲ್ಲದ್ದೇ ತೊಡಕು.

ಈ ಸ್ಥಿತಿಯೂ ಬಹುಕಾಲ ಉಳಿಯುವಂಥದಲ್ಲ. ಲಿನಕ್ಸ್ ಯಂತ್ರವು ಸಾಮಾನ್ಯವಾಗಿ ಕಾಲು ಗಂಟೆಯಷ್ಟು ಕಾಲ ಮರುದನಿಗಾಗಿ ಪ್ರಯತ್ನಿಸಿ, ಬಳಿಕ ಸಂಪರ್ಕ ಸತ್ತಿತೆಂದು ನಿರ್ಧರಿಸುತ್ತದೆ. ಆಗ ಕೆಲಸಕ್ಕೆ ‘ಹ್ಯಾಂಗಪ್’ ಎಂಬ ಸಂಜ್ಞೆ ಹೋಗುತ್ತದೆ. ಟರ್ಮಿನಲ್ಲುಗಳು ಟೆಲಿಫೋನ್ ತಂತಿಯಿಂದ ಕೂಡಿಕೊಳ್ಳುತ್ತಿದ್ದ ಕಾಲದಲ್ಲಿ ರಿಸೀವರ್ ಕೆಳಗಿಡುವುದಕ್ಕೆ ಇದ್ದ ಹೆಸರೇ ಅದು. ಮೊದಲೇ ತಿಳಿಸಿರದಿದ್ದರೆ ಆ ಸಂಜ್ಞೆ ಕೇಳಿದ ಕೆಲಸ ಅಲ್ಲಿಗೆ ಮುಗಿದಂತೆ.

ಹಾಗೆಯೇ ಆಯಿತು. ಪುಣ್ಯಕ್ಕೆ ಪ್ರತಿ ಪುಟವೂ ಬೇರೆ ಬೇರೆ ಕಡತವಾಗಿ ಉಳಿದಿತ್ತು. ಅರ್ಧ ಬರೆದಿದ್ದ ಕೊನೆಯದೊಂದನ್ನು ಮಾತ್ರ ಅಳಿಸಿ, ಆ ಪುಟದಿಂದಲೇ ಮತ್ತೆ ಆರಂಭಿಸಿದ. ಈ ಸಲ ‘ನೋಹಪ್’ ಆಜ್ಞೆಯನ್ನು ಮುಂದಿಟ್ಟು, ವರದಿಯನ್ನು ಕಡತವೊಂದಕ್ಕೆ ತಿರುಗಿಸಿದ.

ಅಷ್ಟರಲ್ಲಿ ಗುರುಗಳ ಫೋನ್ ಬಂತು. “ಎಲ್ಲಿತನಕ ಬಂತಪ್ಪಾ?”

“ನಡುವ ನಿಂತಿತ್ರೀ ಸರ್. ಈಗ ಮತ್ತ ಹೊಂಟೈತ್ರಿ.”

ಕರೆಂಟು ಇನ್ನೂ ಬಂದಿರಲಿಲ್ಲ. ತರುಣ ಯಂತ್ರದ ಮುಚ್ಚಳ ಮುಚ್ಚಿ, ಲಿಂಗಸುಗೂರಿನ ಬಸ್ಸಿಗೆ ನಡೆದ.