ರೊಟ್ಟಿ ಕಟ್ಟಿಕೊಂಡು ಹೊನ್ನಾವರಕ್ಕೆ

ಉರ್ದು ಶಾಲೆಯಲ್ಲಿ ನಾವು ಕಲಿತ ಪದಗಳಲ್ಲಿ 'ಕಾರವಾನ್' ಒಂದು. ಫಾರಸಿಯಿಂದ ಬಂದದ್ದು. ಒಟ್ಟಾಗಿ ದಾರಿ ಹಿಡಿದ ಪ್ರಯಾಣಿಕರ ತಂಡ ಎಂದು ಅರ್ಥ. ಈಗ ಹಾಸಿಗೆ, ಅಡುಗೆಮನೆ ಇರುವ ದೊಡ್ಡ ಗಾಡಿಗೆ ಕ್ಯಾರವಾನ್ ಎನ್ನುತ್ತಾರೆ. ನವನಗರದ ನಮ್ಮಂಥವರ ಕೈಗೆ ಅದು ಎಟುಕದು. ಬೇಸಿಗೆ ರಜೆಗೆ ನಾವು ಹಿಡಿಯುವುದು ಬಾಡಿಗೆಯ ಟೆಂಪೋ ಟ್ರಾವೆಲರ್. ಆದರೆ ಅದನ್ನು ಏರುವವರನ್ನೂ ಸಾಮಾನನ್ನೂ ನೋಡಿದರೆ ಪದದ ಹಳೆಯ ಅರ್ಥವೇ ಒಪ್ಪುತ್ತದೆ: ಅಮ್ಮಿ, ಭಾಯಿಜಾನ್, ಭಾಬಿ, ಇಬ್ಬರು ಖಾಲಾಗಳು, ಮಕ್ಕಳು, ಗ್ಯಾಸ್ ಒಲೆ, ದೇಗಚಿ, ನೀರಿನ ಕ್ಯಾನು, ಜಾನಿಮಾಝ್, ಜೊತೆಗೆ ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕರಾವಳಿಗೆ ಹೋದರೆ ಬರೀ ಅನ್ನವೇ ಗತಿ ಎಂಬ ಭಯ ಅಮ್ಮಿಗೆ.

ಈ ಸಲ ಗಾಡಿಯಲ್ಲಿ ಇನ್ನೊಂದು ಭಾರವೂ ಇತ್ತು. ಭಾಯಿಜಾನರ ಮಗಳು ಪಿಯುಸಿ ಮುಗಿಸಿದ್ದಳು. ಅವಳಿಗೆ ಕಾನೂನು ಓದಬೇಕು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದೇ ನಮ್ಮ ನವನಗರದಲ್ಲಿ. ಮನೆಯಿಂದ ನಡೆದೇ ಹೋಗಬಹುದು. ಹಾಸ್ಟೆಲ್ಲಿನ ಚಿಂತೆಯಿಲ್ಲ, ಬಸ್ಸಿನ ಗೊಡವೆಯಿಲ್ಲ. ಆದರೆ ಓದು ಐದು ವರ್ಷದ್ದು. ಬಂದ ಸಂಬಂಧ ಅಲ್ಲಿಯವರೆಗೆ ಕಾಯುತ್ತದೆಯೇ ಎಂಬುದು ಹಿರಿಯರ ಲೆಕ್ಕ. ಕಲಘಟಗಿ ದಾಟಿ ಯಲ್ಲಾಪುರ ಬರುವವರೆಗೂ ಗಾಡಿಯಲ್ಲಿ ಅದೇ ಮಾತು. ಅರಬೈಲ್ ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಶುರುವಾದಾಗ ನಿಂತಿತು.

ಅಂಕೋಲಾ, ಕುಮಟಾ ಹಾಯ್ದು ಹೊನ್ನಾವರ ಮುಟ್ಟಿದಾಗ ಝುಹರ್ ಹೊತ್ತು. ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಕಸ್ರ್ ನಮಾಝ್ ಮಾಡಿ, ಸಣ್ಣದೊಂದು ಊಟದ ಹೋಟೆಲಿಗೆ ಹೋದೆವು. ಬಂಗಡೆ ಸಾರು, ಕುಚಲಕ್ಕಿ ಅನ್ನ. ಅಮ್ಮಿ ತಮ್ಮ ಗಂಟು ಬಿಚ್ಚಿದರು. ಬಡಿಸುತ್ತಿದ್ದ ಹೆಂಗಸು ಖಡಕ್ ರೊಟ್ಟಿ ನೋಡಿ, "ಇದೆಂತದು, ಹಪ್ಪಳವಾ?" ಎಂದರು. ಒಂದು ರೊಟ್ಟಿ ಕೊಟ್ಟೆವು. ಸಾರಿನಲ್ಲಿ ನೆನೆಸಿ ತಿಂದು ನಕ್ಕರು.

ನಮಗೆ ಆಗ ಇಬ್ನ್ ಬತೂತಾ ನೆನಪಾದ. ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ದಿಲ್ಲಿಯಿಂದ ಚೀನಾಕ್ಕೆಂದು ಹೊರಟವನು ಈ ಊರಿಗೂ ಬಂದಿದ್ದ. ಆಗ ಇಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನನಿದ್ದ. ಇವನ ಬಳಿ 11 ತಿಂಗಳು ಇದ್ದರೂ ರೊಟ್ಟಿಯ ಮುಖ ಕಾಣಲಿಲ್ಲ, ಇಲ್ಲಿಯವರ ಊಟ ಅನ್ನ ಮಾತ್ರ ಎಂದು ಆ ಮೊರಾಕ್ಕೊದವ ಬರೆಸಿಟ್ಟಿದ್ದಾನೆ. ಇದನ್ನು ಹೇಳಿದಾಗ ಅಮ್ಮಿಗೆ ತಮ್ಮ ಗಂಟಿನ ಮೇಲೆ ಇನ್ನಷ್ಟು ಅಭಿಮಾನ ಬಂತು.

ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಕೇರಳದ ಕಾಸರಗೋಡಲ್ಲ, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರ ಇರುವ ಹಳ್ಳಿ. ಗಾಳಿಮರಗಳ ನೆರಳಲ್ಲಿ ಚಾಪೆ ಹಾಸಿದೆವು. ಮಕ್ಕಳು ನೀರಿಗೆ ಓಡಿದರು. ಅದೇ ಪ್ರವಾಸಿಯ ಇನ್ನೊಂದು ಮಾತನ್ನು ನಾವು ಅಲ್ಲಿ ತೆಗೆದೆವು. ಈ ಊರಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು, ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಎನ್ನುತ್ತಾನೆ ಅವನು. ಪ್ರವಾಸಿಗಳ ಅಂಕಿಗಳನ್ನು ಪೂರ್ತಿ ನಂಬಬಾರದು, ನಿಜ. ಆದರೆ ಸುಮ್ಮನೆ ಹೇಳುವವನು ಹತ್ತು ಎನ್ನುತ್ತಾನೆ, ಇಪ್ಪತ್ತು ಎನ್ನುತ್ತಾನೆ. 13 ಮತ್ತು 23 ಎಣಿಸಿದವನ ಸಂಖ್ಯೆಗಳ ಹಾಗೆಯೇ ಕಾಣುತ್ತವೆ.

"ಅಲ್ಲಿ ಕಲಿಸುತ್ತಿದ್ದುದು ಕುರ್‌ಆನ್. ಕಾನೂನಲ್ಲ" ಎಂದರು ಭಾಯಿಜಾನ್. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಆ ಕಾಲದಲ್ಲಿ ಗಂಡುಹುಡುಗರ ವಿದ್ಯೆ ಶುರುವಾಗುತ್ತಿದ್ದುದೂ ಅಲ್ಲಿಂದಲೇ ಅಲ್ಲವೇ? ನಾವು ಇದನ್ನು ಹೇಳುವ ಮೊದಲೇ ಹುಡುಗಿ, "ಅಬ್ಬಾ, ಅದನ್ನು ಬರೆಸಿದವನೂ ಕಾನೂನು ಓದಿದವನೇ. ದಿಲ್ಲಿಯಲ್ಲಿ ಖಾಝಿ ಆಗಿದ್ದ" ಎಂದಳು. ಭಾಬಿ ಅವಳತ್ತ ಕಣ್ಣು ದೊಡ್ಡದು ಮಾಡಿದರು. ಭಾಯಿಜಾನ್ ಮರಳು ಕೊಡವಿ ಎದ್ದು ನೀರಿನ ಕಡೆ ನಡೆದರು.

ಅಮ್ಮಿ ಮಾತ್ರ ಅಲ್ಲೇ ಕುಳಿತಿದ್ದರು. ನಾಲ್ಕನೆಯ ಇಯತ್ತೆಗೆ ಅವರನ್ನು ಉರ್ದು ಶಾಲೆ ಬಿಡಿಸಿದ್ದರು. ಇವತ್ತಿಗೂ ಪತ್ರಿಕೆಯ ದೊಡ್ಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಎಷ್ಟು ವರ್ಷದ ಹಿಂದಿನ ಮಾತು ಎಂದು ಕೇಳಿದರು. ಆರುನೂರ ಎಂಬತ್ತಾಯಿತು ಎಂದೆವು. ಬೆರಳಲ್ಲಿ ಏನೋ ಎಣಿಸಿದರು. "ಫಿರ್ ಹಮ್ನಾ ಕಾಯ್ಕು ಭೇಜೆ ನೈ?" ಎಂದರು. ಹಾಗಾದರೆ ನಮ್ಮನ್ನೇಕೆ ಕಳಿಸಲಿಲ್ಲ? ಕೇಳಿದ್ದು ಯಾರನ್ನೆಂದು ತಿಳಿಯಲಿಲ್ಲ. ಅವರ ಅಬ್ಬಾ ತೀರಿಕೊಂಡು ನಲವತ್ತು ವರ್ಷ ದಾಟಿದೆ. ಖಾಲಾಗಳಿಬ್ಬರೂ ತಲೆ ತಗ್ಗಿಸಿ ಮರಳಲ್ಲಿ ಗೆರೆ ಎಳೆಯುತ್ತಿದ್ದರು. ಅವರನ್ನೂ ಕಳಿಸಿರಲಿಲ್ಲ.

ಊರಿಗೆ ಬಂದು ಹದಿನೈದು ದಿನವಾಯಿತು. ಫಾರಂ ಭಾಯಿಜಾನರ ಕಪಾಟಿನಲ್ಲಿದೆ. ಸಹಿ ಹಾಕಿಲ್ಲ, ಸಂಬಂಧದವರಿಗೆ ಫೋನನ್ನೂ ಮಾಡಿಲ್ಲ. ಅಮ್ಮಿ ದಿನಾ ಫಜರ್ ಮುಗಿಸಿ, ತಸ್ಬೀಹ್ ಕೈಯಲ್ಲೇ ಹಿಡಿದು, ಅವರ ಬಾಗಿಲಲ್ಲಿ ನಿಂತು ಕೊನೆಯ ತಾರೀಖು ಯಾವಾಗ ಎಂದು ಕೇಳುತ್ತಾರೆ.