ಮೂವತ್ತೆಂಟು ಕ್ಲಿಕ್ಕು, ಒಂದೂ ಚಿತ್ರವಿಲ್ಲ!

ಮೊನ್ನೆ ನನ್ನ ಅಕ್ಕನ ಮಗ ಹಳೇ ಪೆಂಟಾಕ್ಸ್ ಕೆ-1000 ಕ್ಯಾಮರಾ ಒಂದನ್ನು ಕೊಂಡು ತಂದ. ಅದರ ತಯಾರಿಕೆ ನಿಂತದ್ದು 1997ರಲ್ಲಿ. ಹುಡುಗ ಹುಟ್ಟಿದ್ದು ಅದಾದ ಮೇಲೆ! "ಮಾವ, ಇದಕ್ಕೆ ರೋಲು ಹಾಕೋದು ಹೇಗೆ?" ಅಂದ. ನಾನು ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತೀರಾ? ಕೇಳಿ, ಮಿತ್ರರೇ.

1984ರ ಮಾತು. ನಾನಾಗ ನಮ್ಮೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಪ್ರಿಂಟು ತೊಳೆಯುವ ಹುಡುಗ. ಕಣ್ಣಲ್ಲಿ ಮಾತ್ರ ವಿ. ಕೆ. ಮೂರ್ತಿ ಆಗುವ ಕನಸು! ಮೈಸೂರಿನವರಾದ ಅವರು ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಮರಾ ಕಲಿತು, 1959ರಲ್ಲಿ 'ಕಾಗಜ್ ಕೆ ಫೂಲ್' ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತೆಗೆದರಲ್ಲವೇ? ಅವರಿಗೆ ಆದದ್ದು ನನಗೇಕೆ ಆಗಬಾರದು ಅನ್ನುವ ವಯಸ್ಸು ಅದು.

ಆ ವರ್ಷ ಹೊಳೆದಂಡೆಗೆ ಷೂಟಿಂಗ್ ಬಂತು. ಹೀರೋ ಯಾರು ಅಂತ ಮಾತ್ರ ಕೇಳಬೇಡಿ. ಒಂದು ಸೀನಿಗೆ ಜಟಕಾ ಗಾಡಿ ಬೇಕಾಯಿತು. ಗೊತ್ತಾದದ್ದು ನಮ್ಮಪ್ಪನ ಗಾಡಿ! ನಾನು ಮಾಲೀಕರ ಕಾಲು ಹಿಡಿದೆ. ಅವರು ತಮ್ಮ ಪೆಂಟಾಕ್ಸ್ ಕೊಟ್ಟು, 36ರ 'ಇಂದು' ರೋಲು ಒಂದನ್ನು ನನ್ನ ಲೆಕ್ಕಕ್ಕೆ ಬರೆದುಕೊಂಡರು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಕಪ್ಪು-ಬಿಳುಪು ಫಿಲ್ಮು ಅದು. ಈಗ ಆ ಕಾರ್ಖಾನೆಯೂ ಇಲ್ಲ.

ಅವಸರ! ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಬೆನ್ನು ತೆರೆದೆ, ರೋಲು ಇಟ್ಟೆ, ಫಿಲ್ಮಿನ ತುದಿಯನ್ನು ಬಲಗಡೆ ಸ್ಪೂಲಿನ ಸೀಳಿಗೆ ಸಿಕ್ಕಿಸಿದೆ, ಟಪ್ ಅಂತ ಮುಚ್ಚಿದೆ. ಮುಗೀತು ಅಂದುಕೊಂಡೆ.

ಊಟದ ಹೊತ್ತಿನಲ್ಲಿ ಹೀರೋ ತಾವಾಗೇ ಬಂದು ಕುದುರೆಯ ಮೈ ಸವರಿದರು. ಆಮೇಲೆ ನಮ್ಮಪ್ಪನ ಹೆಗಲ ಮೇಲೆ ಕೈ ಹಾಕಿದರು! "ಎಲ್ಲಿ ತಮ್ಮಾ, ನಮ್ಮಿಬ್ಬರದೂ ಒಂದು ತೆಗಿ" ಅಂದರು. ಅಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಂಬದ ಹಾಗೆ ನಿಂತ. ಕ್ಲಿಕ್, ಕ್ಲಿಕ್... ಒಂದಲ್ಲ, ಐದು ತೆಗೆದೆ. ಸಂಜೆಗೆ ಎಣಿಕೆ 36 ದಾಟಿ 37, 38 ಆಯಿತು. ಎರಡು ಪುಕ್ಕಟೆ ಬಂತು ಅಂತ ಹಿಗ್ಗಿದೆ. ಮೂರ್ಖ!

ರಾತ್ರಿ ಡಾರ್ಕ್ ರೂಮಿನಲ್ಲಿ ಬೆನ್ನು ತೆರೆದು ಕತ್ತಲಲ್ಲಿ ಕೈಯಾಡಿಸಿದೆ. ಫಿಲ್ಮಿನ ತುದಿ ಸ್ಪೂಲಿನಿಂದ ಜಾರಿ ಹೊರಗೇ ಇತ್ತು. ರೋಲು ಒಂದು ಅಂಗುಲವೂ ಸರಿದಿರಲಿಲ್ಲ.

ಮಾಲೀಕರು ಬೈಯಲಿಲ್ಲ. ಮಾರನೇ ದಿನ ಒಂದು ಹಾಳಾದ ರೋಲು ಕೊಟ್ಟು, "ಇಪ್ಪತ್ತು ಸಲ ಹಾಕು, ಇಪ್ಪತ್ತು ಸಲ ತೆಗಿ" ಅಂದರು. ಅವತ್ತು ಕಲಿತದ್ದನ್ನೇ ಅಕ್ಕನ ಮಗನಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

ಬಿಸಿಲಲ್ಲಿ ರೋಲು ಹಾಕಬೇಡಿ. ನೆರಳಿಲ್ಲದಿದ್ದರೆ ನಿಮ್ಮ ಮೈಯ ನೆರಳಾದರೂ ಇರಲಿ. ಎಡಗಡೆಯ ಗುಂಡಿಯನ್ನು ಮೇಲಕ್ಕೆ ಎಳೆದರೆ ಬೆನ್ನು ತೆರೆಯುತ್ತೆ. ರೋಲು ಇಟ್ಟು ಗುಂಡಿಯನ್ನು ಮತ್ತೆ ಕೆಳಕ್ಕೆ ಒತ್ತಿ. ತುದಿಯನ್ನು ಬಲಗಡೆ ಸ್ಪೂಲಿನ ಸೀಳಿಗೆ ಸಿಕ್ಕಿಸಿ. ಮುಚ್ಚುವ ಮುಂಚೆ, ಇಲ್ಲೇ ನಾನು ಕೆಟ್ಟದ್ದು, ಲಿವರನ್ನು ಒಮ್ಮೆ ಎಳೆದು ನೋಡಿ. ಹಲ್ಲುಚಕ್ರದ ಹಲ್ಲುಗಳು ಫಿಲ್ಮಿನ ಮೇಲಿನ ತೂತಿಗೂ ಕೆಳಗಿನ ತೂತಿಗೂ ಕೂತಿರಬೇಕು, ಫಿಲ್ಮು ಸ್ಪೂಲಿಗೆ ಸುತ್ತಿಕೊಳ್ಳಬೇಕು. ಆಮೇಲೆ ಮುಚ್ಚಿ.

ಈಗ ಎಡಗಡೆಯ ಪುಟ್ಟ ಹಿಡಿಯನ್ನು ಬಿಡಿಸಿ, ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ಸಡಿಲ ಹೋಗಿ ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಎಣಿಕೆ 1ಕ್ಕೆ ಬರುವ ತನಕ ಖಾಲಿ ಕ್ಲಿಕ್ ಮಾಡಿ. ಪ್ರತಿ ಸಲ ಲಿವರ್ ಎಳೆದಾಗ ಎಡಗಡೆಯ ಗುಂಡಿ ತಾನಾಗಿ ಹಿಮ್ಮುಖ ತಿರುಗಬೇಕು. ತಿರುಗಿತೋ, ಫಿಲ್ಮು ಓಡುತ್ತಿದೆ. ತಿರುಗಲಿಲ್ಲವೋ, ನೀವು ಗಾಳಿಯ ಫೋಟೋ ತೆಗೀತಿದ್ದೀರಿ! ಎಣಿಕೆಯನ್ನು ನಂಬಬೇಡಿ. ಒಳಗೆ ಫಿಲ್ಮು ಇರಲಿ ಬಿಡಲಿ, ಅದು ಓಡುತ್ತಲೇ ಇರುತ್ತೆ.

ಕೊನೆಗೆ ಲಿವರ್ ಬಿಗಿಯಾಗಿ ನಿಂತರೆ ಜಗ್ಗಬೇಡಿ, ತೂತು ಹರಿಯುತ್ತೆ. ತಳದ ಚಿಕ್ಕ ಗುಂಡಿ ಒತ್ತಿ, ಹಿಡಿಯನ್ನು ಬಾಣದ ಕಡೆಗೆ ಸುತ್ತಿ. ಕೈಗೆ ಬಿಗಿ ತಿಳಿಯುತ್ತಿರುತ್ತೆ. ಒಂದು ಸಲ ಫಕ್ಕನೆ ಹಗುರಾಗುತ್ತೆ. ಅಲ್ಲಿಯವರೆಗೆ ಬೆನ್ನು ತೆರೆದೀರಿ, ಜೋಕೆ! ಬೆಳಕು ಬಿದ್ದರೆ ಎಲ್ಲಾ ಮಸಿ.

ಅಪ್ಪ ದಿನಾ ಕೇಳೋನು, "ಫೋಟ ಬಂತೇನ್ಲಾ?" ನಾನು, "ತೊಳೀವಾಗ ಕೆಟ್ಟೋಯ್ತು, ಸ್ಟುಡಿಯೋದವ್ರದೇ ತಪ್ಪು" ಅಂದೆ. ಅಷ್ಟರಲ್ಲಿ ಅವನು ಜಟಕಾ ಸ್ಟ್ಯಾಂಡಿನಲ್ಲೆಲ್ಲಾ ಹೇಳಿಕೊಂಡಿದ್ದ. "ಹೀರೋ ಹೆಗಲ ಮ್ಯಾಲೆ ಕೈ ಹಾಕುದ್ನಂತೆ! ಎಲ್ಲಿ ತೋರ್ಸಪ್ಪಾ ಫೋಟ" ಅಂತ ಜನ ನಗೋರು. ಬರುಬರುತ್ತಾ ಅಪ್ಪ ಆ ಮಾತೇ ಎತ್ತದ ಹಾಗಾದ. ಅವನು ಸುಳ್ಳುಗಾರ ಅನ್ನಿಸಿಕೊಂಡದ್ದು ನನ್ನ ಸುಳ್ಳಿನಿಂದ.

ಚಿತ್ರ ಬಿಡುಗಡೆಯಾಗಿ ನಮ್ಮೂರ ಟೆಂಟಿಗೂ ಬಂತು. ಅಪ್ಪನನ್ನು ಕರೆದುಕೊಂಡು ಹೋದೆ. ಗಾಡಿ ಬಂತು, ಹೀರೋ ಬಂದ. ಅಪ್ಪನ ಮುಖ ಕಾಣಲಿಲ್ಲ, ಬೆನ್ನು ಮಾತ್ರ ಕಂಡಿತು. ಎರಡು ಮೂರು ಸೆಕೆಂಡು, ಅಷ್ಟೇ. "ಅಗೋ, ಅದು ನನ್ ಬೆನ್ನೇ ಕಣ್ಲಾ!" ಅಂತ ನನ್ನ ತೊಡೆ ಗಿಲ್ಲಿದ.

ನನ್ನ ರೋಲೂ ಸಿನಿಮಾದ ರೀಲೂ ಒಂದೇ ಅಗಲ, 35 ಮಿಲಿಮೀಟರು. ನಮ್ಮ ಒಂದು ಫೋಟೋಗೆ ಎಂಟು ತೂತಿನಷ್ಟು ಉದ್ದ ಬೇಕು. ಸಿನಿಮಾದ ಒಂದು ಫ್ರೇಮಿಗೆ ನಾಲ್ಕೇ ತೂತು, ಸೆಕೆಂಡಿಗೆ 24 ಫ್ರೇಮು. ಲೆಕ್ಕ ಹಾಕಿ: ನನ್ನ 36 ಫೋಟೋ ಅಂದರೆ ತೆರೆಯ ಮೇಲೆ ಸರಿಯಾಗಿ ಮೂರು ಸೆಕೆಂಡು. ಅಷ್ಟನ್ನು ನಾನು ಕಳೆದಿದ್ದೆ.

ಟೆಂಟಿನಿಂದ ನಡೆದು ಬರುವಾಗ ಕತ್ತಲಲ್ಲಿ ನಿಜ ಹೇಳಿಬಿಟ್ಟೆ. ಅಪ್ಪ ಒಂದು ಬೀಡಿ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಅಂದ:

"ಪಟ್ಟಿ ಬಿಗಿಯಾಗದೋ ಇಲ್ವೋ ಅಂತ ಒಂದ್ ಕಿತ ಎಳ್ದು ನೋಡ್ದೆ ಗಾಡಿ ಹತ್ಬಾರ್ದು. ಅಷ್ಟೂ ಗೊತ್ತಿಲ್ವೇನ್ಲಾ ನಿಂಗೆ? ನಾಳೆ ನಿನ್ ಮಾಲೀಕ್ರ ತಾವ ತಪ್ಪಾಯ್ತು ಅನ್ನು. ಪಾಪ, ಅವ್ರ ಮ್ಯಾಲೆ ಯಾಕ್ಲಾ ಹಾಕ್ದೆ?"

ಅಕ್ಕನ ಮಗ ಮೊದಲ ರೋಲು ಹಾಕಿ ಲಿವರ್ ಎಳೆದ. ಎಡಗಡೆಯ ಗುಂಡಿ ಮೆಲ್ಲಗೆ ತಿರುಗಿತು. "ಮೊದಲು ನಿಮ್ಮಪ್ಪನ ಫೋಟೋ ತೆಗಿಯಪ್ಪಾ" ಅಂದೆ.